ತೂಕಕ್ಕೆ ತಂದ ಪುಸ್ತಕ

ಬೇಸ್‌ಬಾಲ್ ಆಟದ ಚರಿತ್ರೆಗೆ, ಅದರ ದೊಡ್ಡ ದೊಡ್ಡ ಆಟಗಾರರ ಬದುಕಿಗೆ ಒಳ್ಳೆಯ ಪುಸ್ತಕ ಯಾವುದು, ಮೊದಲು ಯಾವುದನ್ನು ಓದಬೇಕು ಎಂದು ಕಳೆದ ತಿಂಗಳು ಒಬ್ಬ ಹುಡುಗಿ ನನ್ನನ್ನು ಕೇಳಿದಳು. ಕುಂದಾಪುರದಿಂದ, ವಾಟ್ಸಾಪಿನಲ್ಲಿ, ಇಂಗ್ಲಿಷಿನಲ್ಲಿ. ಆ ಪುಸ್ತಕಗಳನ್ನೆಲ್ಲ ಆಂಟಿ ಓದಿದ್ದಾರೆ ಎಂದು ಪಪ್ಪ ಹೇಳುತ್ತಿದ್ದರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ ಎಂದು ಬರೆದಿದ್ದಳು. ಅವಳ ಪಪ್ಪ ತೀರಿಕೊಂಡು ಆಗ ಹದಿನೇಳು ದಿನವಾಗಿತ್ತು.

ನಾನು ಆ ಪುಸ್ತಕಗಳಲ್ಲಿ ಒಂದನ್ನೂ ಓದಿರಲಿಲ್ಲ.

ಅವರು ಹೋದ ಸುದ್ದಿ ಸ್ವೀಡನ್ನಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಹೆಸರು ನೋಡಿ ಅರ್ಧ ಜನಕ್ಕೆ ಗುರುತೇ ಸಿಗಲಿಲ್ಲ. ‘ರಾಜ್ಯೋತ್ಸವದ ಊಟಕ್ಕೆ ಸಾಂಬಾರ್ ಬಡಿಸ್ತಿದ್ರಲ್ಲ, ಕನ್ನಡಕದವರು, ಅವರೇ’ ಎಂದು ಒಬ್ಬರು ಬರೆದ ಮೇಲೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಎದೆನೋವು. ಐವತ್ತಕ್ಕೆ ಒಂದು ವರ್ಷ ಕಡಿಮೆ. ನಾನೂ ಒಂದು ಕೈಮುಗಿದ ಚಿತ್ರ ಹಾಕಿ, ಆಫೀಸಿನ ಅಡುಗೆಕೋಣೆಗೆ ಹೋಗಿ, ಫೀಕಾಕ್ಕೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಇಟ್ಟಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯದೆ ನಿಂತೆ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ‘ನನ್ನ ಹೆಸರು ಎಲ್ಲೂ ಎತ್ತಬೇಡಿ’ ಎಂದು ಒಮ್ಮೆ ಕೇಳಿಕೊಂಡಿದ್ದರು. ಅವರಿಗೆ ಕೊಟ್ಟ ಮಾತುಗಳಲ್ಲಿ ಇದೊಂದಾದರೂ ಉಳಿಯಲಿ.

ನಾನಿರುವುದು ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬೆರಿಯಲ್ಲಿ. ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ನನ್ನ ಕೆಲಸ ಹೋಯಿತು. ವರ್ಕ್ ಪರ್ಮಿಟ್ಟಿನ ಮೇಲೆ ಇಲ್ಲಿಗೆ ಬಂದವರಿಗೆ ಕೆಲಸ ಹೋಗುವುದೆಂದರೆ ಬರಿಯ ಕೆಲಸ ಹೋಗುವುದಲ್ಲ. ಮೂರು ತಿಂಗಳೊಳಗೆ ಬೇರೆ ಕೆಲಸ ಹುಡುಕಿಕೊಳ್ಳದಿದ್ದರೆ ದೇಶ ಬಿಡಬೇಕು. ಗಂಡನ ಪರ್ಮಿಟ್ಟು ನನ್ನ ಪರ್ಮಿಟ್ಟಿಗೆ ಕಟ್ಟಿದ ಬಾಲ, ನಾಲ್ಕು ವರ್ಷದ ಮಗನದು ಆ ಬಾಲದ ತುದಿ. ಸಾಲದ್ದಕ್ಕೆ ಅದೇ ವಾರ ಬೆಂಗಳೂರಿನಿಂದ ಅತ್ತೆ ಬಂದಿಳಿದಿದ್ದರು. ಸೊಸೆ ಸ್ವೀಡನ್ನಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ ಎಂದು ಇಡೀ ಬನಶಂಕರಿಗೆ ಸಾರಿ ಬಂದಿದ್ದ ಹೆಂಗಸು. ಅವರ ಮುಂದೆ ಬಾಯಿ ಬಿಡುವುದು ಬೇಡ ಎಂದು ನಾನೂ ಗಂಡನೂ ನಿಶ್ಚಯಿಸಿದೆವು. ಹಾಗಾಗಿ ನಾನು ದಿನಾ ಬೆಳಿಗ್ಗೆ ಮಗನನ್ನು ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಟ್ಟು ಆಫೀಸಿಗೆ ಹೊರಟ ಹಾಗೆ ಹೊರಟು ಲೈಬ್ರರಿಗೆ ಹೋಗತೊಡಗಿದೆ.

ಲೈಬ್ರರಿಯಲ್ಲೂ ಬಚ್ಚಿಟ್ಟುಕೊಳ್ಳಬೇಕಿತ್ತು. ಶಿಶುಸಾಹಿತ್ಯದ ಕಡೆ ಕೂತರೆ ಮಕ್ಕಳನ್ನು ಕರೆತರುವ ಕನ್ನಡದ ಅಮ್ಮಂದಿರು, ಭಾಷೆ ಕಲಿಯುವ ಕಡೆ ಕೂತರೆ ಅವರ ಗಂಡಂದಿರು. ಹುಡುಕಿ ಹುಡುಕಿ ಹಿಂದಿನ ಮೂಲೆಯಲ್ಲಿ ಇಂಗ್ಲಿಷ್ ಕ್ರೀಡಾ ಪುಸ್ತಕಗಳ ಒಂದು ಕಪಾಟು ಕಂಡುಹಿಡಿದೆ. ಅದರ ಕೊನೆಯ ಹಲಗೆ ಪೂರ್ತಿ ಬೇಸ್‌ಬಾಲ್. ಯಾವ ಕಾಲದಲ್ಲೋ ಊರು ಬಿಟ್ಟುಹೋದ ಒಬ್ಬ ಅಮೆರಿಕದ ಹೆಂಗಸು ದಾನ ಕೊಟ್ಟ ಹದಿನಾಲ್ಕು ಪುಸ್ತಕ. ಸ್ವೀಡನ್ನಿನಲ್ಲಿ ಬೇಸ್‌ಬಾಲ್ ಹುಡುಕಿಕೊಂಡು ಯಾವ ಕನ್ನಡಿಗ ಬಂದಾನು ಎಂದು ಧೈರ್ಯವಾಗಿ ಆ ಕಪಾಟಿನ ಹಿಂದಕ್ಕೆ ಹೋದೆ. ಅಲ್ಲಿ ಸಾಂಬಾರಿನವರು ಕೂತಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಳ್ಳರು ಕಳ್ಳರನ್ನು ನೋಡಿದಂತೆ ಬೆಚ್ಚಿದೆವು. ಅವರ ಮಡಿಲಲ್ಲಿ ಮೊಸರನ್ನದ ಡಬ್ಬಿ, ಕಾಲ ಬಳಿ ಲ್ಯಾಪ್‌ಟಾಪ್ ಬ್ಯಾಗು.

‘ನಿಮಗೂ ಹೋಯ್ತಾ?’ ಎಂದರು, ಪಿಸುಮಾತಿನಲ್ಲಿ.

‘ಹೂಂ ಸರ್. ನಿಮಗೆ?’

‘ನಂಗೆ ಹದಿನೈದು ದಿನ ಮೊದಲೇ. ಕೂತ್ಕೊಳ್ಳಿ. ನೀವು ನನ್ನ ನೋಡ್ಲಿಲ್ಲ, ನಾನು ನಿಮ್ಮ ನೋಡ್ಲಿಲ್ಲ.’ ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಮೊಸರನ್ನ ಹಾಕಿ ನನ್ನ ಕಡೆ ತಳ್ಳಿದರು. ‘ಮಿಡಿ ಉಪ್ಪಿನಕಾಯಿ ಉಂಟು. ಊರಿಂದು.’

ಅವರು ಸಾಫ್ಟ್‌ವೇರ್ ಟೆಸ್ಟಿಂಗಿನವರು, ನಾನೂ ಅದೇ. ಬೇರೆ ಬೇರೆ ಕಂಪನಿ, ಒಂದೇ ಹಣೆಬರಹ. ಇನ್ನು ಐದು ತಿಂಗಳು ಕೆಲಸ ಉಳಿದಿದ್ದರೆ ಅವರಿಗೆ ಖಾಯಂ ವಾಸದ ಅನುಮತಿಗೆ ಅರ್ಜಿ ಹಾಕಬಹುದಿತ್ತು. ಹೆಂಡತಿಗೆ ಹೇಳಿರಲಿಲ್ಲ, ಏಳನೇ ಕ್ಲಾಸಿನ ಮಗಳಿಗೂ ಹೇಳಿರಲಿಲ್ಲ. ಕೆಲಸ ಸಿಕ್ಕ ಮೇಲೆ ಎರಡನ್ನೂ ಒಟ್ಟಿಗೆ ಹೇಳುತ್ತೇನೆ, ಆಗ ಹೆದರುವುದಿಲ್ಲ ಎಂಬುದು ಅವರ ಲೆಕ್ಕ. ದಿನಾ ಬೆಳಿಗ್ಗೆ ಹೆಂಡತಿ ಬಾಗಿಲ ಬಳಿ ಬ್ಯಾಗು ಎತ್ತಿ ಕೈಗೆ ಕೊಡುತ್ತಾರಂತೆ. ಲ್ಯಾಪ್‌ಟಾಪನ್ನು ಕಂಪನಿ ವಾಪಸು ತೆಗೆದುಕೊಂಡಿತ್ತು. ಖಾಲಿ ಬ್ಯಾಗು ಹಗುರವಾಗಿ ಗುಟ್ಟು ರಟ್ಟಾದೀತೆಂದು ಮೊದಲ ದಿನವೇ ಲೈಬ್ರರಿಗೆ ಬಂದು, ಕೈಗೆ ಸಿಕ್ಕ ಕಪಾಟಿನಲ್ಲಿ ಎಲ್ಲಕ್ಕಿಂತ ದಪ್ಪಗಿದ್ದ ಪುಸ್ತಕವನ್ನು ತೂಗಿ ನೋಡಿ ತೆಗೆದುಕೊಂಡು ಹೋದರು. ಅದು ಬೇಸ್‌ಬಾಲಿನ ಚರಿತ್ರೆ.

‘ತೂಕಕ್ಕೆ ತಂದದ್ದು ಮಾರಾಯ್ರೆ. ಒಂದು ದಿನ ಮಧ್ಯಾಹ್ನ ಎಂತ ಮಾಡುದು ಅಂತ ತೆರೆದೆ. ಬಿಡ್ಲಿಕ್ಕೆ ಆಗ್ಲಿಲ್ಲ.’

ಹೀಗೆ ಶುರುವಾಯಿತು ಅವರ ಹುಚ್ಚು. ಹುಚ್ಚು ಎಂದು ಸುಮ್ಮನೆ ಹೇಳುತ್ತಿಲ್ಲ. ಆ ಮನುಷ್ಯ ಬದುಕಿನಲ್ಲಿ ಒಂದೇ ಒಂದು ಬೇಸ್‌ಬಾಲ್ ಪಂದ್ಯ ನೋಡಿದವರಲ್ಲ. ಮೊಬೈಲಿನಲ್ಲಿ ತೋರಿಸುತ್ತೇನೆ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ‘ಬೇಡ ಬೇಡ, ನೋಡಿದ್ರೆ ಹಾಳಾಗ್ತದೆ. ನನ್ನ ತಲೆಯಲ್ಲಿ ಚಂದ ಆಡ್ತಾ ಇದ್ದಾರೆ.’ ಅವರ ತಲೆಯ ಬೇಸ್‌ಬಾಲು ಬಹುಶಃ ಕುಂದಾಪುರದ ಯಾವುದೋ ಮೈದಾನದಲ್ಲಿ ನಡೆಯುತ್ತಿತ್ತು. ಆಟಗಾರರನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ, ಊರಿನ ರೂಢಿಯಂತೆ ಎಲ್ಲರಿಗೂ ಅಡ್ಡಹೆಸರು. ಒಬ್ಬ ಹೊಟ್ಟೆಭಟ್ರು, ಒಬ್ಬ ಉದ್ದ ಮೂಗಿನವ, ಒಬ್ಬ ‘ಮೀಸೆ ಶೆಟ್ರು’. ‘ಇವತ್ತು ಹೊಟ್ಟೆಭಟ್ರಿಗೆ ಮೂರು ಸಲವೂ ಚೆಂಡು ತಾಗ್ಲಿಲ್ಲ, ಪಾಪ’ ಎಂದು ನೂರು ವರ್ಷದ ಹಿಂದಿನ ಸೋಲಿಗೆ ಅವತ್ತು ಮರುಗುತ್ತಿದ್ದರು.

ನಮ್ಮೊಳಗೆ ಕೆಲವು ಕಟ್ಟುಪಾಡುಗಳಾದವು. ಮೊದಲನೆಯದು, ಫೋನ್ ನಂಬರ್ ಬೇಡ. ಅವರ ಫೋನಿಗೆ ಬಂದದ್ದೆಲ್ಲ ಮನೆಯ ಟ್ಯಾಬಿನಲ್ಲಿ ಮಗಳಿಗೆ ಕಾಣುತ್ತಿತ್ತು. ನನ್ನ ಫೋನಿನಲ್ಲಿ ಅತ್ತೆ ಸಂಜೆಯೆಲ್ಲ ಬೆಂಗಳೂರಿಗೆ ಮಾತಾಡುತ್ತಿದ್ದರು. ಇನ್ನೊಂದು, ಪುಸ್ತಕಗಳನ್ನು ನನ್ನ ಕಾರ್ಡಿನಲ್ಲಿ ತೆಗೆಯುವುದು; ಕಾರ್ಡು ಅವರ ಬ್ಯಾಗಿನಲ್ಲೇ ಇರುತ್ತಿತ್ತು. ಅವರ ಕಾರ್ಡಿಗೆ ‘ವಾಪಸು ಕೊಡಿ’ ಎಂಬ ಸಂದೇಶ ಮನೆಗೆ ಹೋಗಿ ಒಮ್ಮೆ ಸಿಕ್ಕಿಬಿದ್ದಷ್ಟಾಗಿತ್ತು. ಎಲ್ಲಕ್ಕಿಂತ ದೊಡ್ಡದು ಅವರೇ ಹೇಳಿದ್ದು: ‘ಕೆಲ್ಸದ ಜಾಹೀರಾತು ಯಾರ ಕಣ್ಣಿಗೆ ಬಿದ್ರೂ ಇಬ್ರಿಗೂ ಸೇರಿದ್ದು. ನಂಗೆ ಕಂಡದ್ದು ನಿಮಗೆ ಹೇಳ್ತೇನೆ, ನಿಮಗೆ ಕಂಡದ್ದು ನಂಗೆ. ಆಯ್ತಾ?’

‘ಆಯ್ತು ಸರ್’ ಎಂದೆ. ಅವತ್ತು ಮನಸ್ಸಿನಿಂದಲೇ ಹೇಳಿದ್ದು.

ಅವರ ಶಿಫಾರಸು ಮಾಡುವ ಕ್ರಮವೇ ಬೇರೆ. ಪುಸ್ತಕ ತೆಗೆದಾಗ ಯಂತ್ರದಿಂದ ಉದ್ದನೆಯ ಚೀಟಿ ಬರುತ್ತದಲ್ಲ, ವಾಪಸಿನ ದಿನಾಂಕ ಇರುವುದು, ಅದರ ಹಿಂಬದಿಯಲ್ಲಿ ದುಂಡನೆಯ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಪುಸ್ತಕದೊಳಗೆ ಸಿಕ್ಕಿಸಿ ನನ್ನ ಕೈಗೆ ಕೊಡುತ್ತಿದ್ದರು. ‘ಮೊದಲ ಅರವತ್ತು ಪುಟ ಬಿಡಿ. ಆಟ ಹುಟ್ಟಿಸಿದ್ದು ಯಾರೆಂದು ಜಗಳ. ನಮಗೇನಂತೆ.’ ‘ಇದರಲ್ಲಿ ದುಡ್ಡು ತಿಂದು ಬೇಕೆಂದೇ ಸೋತವರ ಕಥೆ ಇದೆ. ಬೇಸರವಾಗುತ್ತದೆ, ಆದರೂ ಓದಿ.’ ಬಣ್ಣ ಕಪ್ಪೆಂದು ದೊಡ್ಡ ಪಂದ್ಯಗಳಿಗೆ ಸೇರಿಸಿಕೊಳ್ಳದೆ, ತಾವೇ ಬೇರೆ ತಂಡ ಕಟ್ಟಿಕೊಂಡು, ಉಳಿಯಲು ಹೋಟೆಲು ಕೊಡದ ಊರುಗಳಲ್ಲಿ ಬಸ್ಸಿನಲ್ಲೇ ಮಲಗಿ ಆಡಿದವರ ಮೇಲೆ ಒಂದು ಪುಸ್ತಕವಿತ್ತು. ಆ ಚೀಟಿ ಮಾತ್ರ ಎರಡೂ ಬದಿ ತುಂಬಿತ್ತು. ‘ಆಟ ಬರದವರಲ್ಲ. ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಬಾಗಿಲು ತೆಗೆಯಲಿಲ್ಲ ಅಷ್ಟೆ’ ಎಂದು ಅದರ ಕೊನೆಯಲ್ಲಿತ್ತು.

ನಾನು ಚೀಟಿ ಓದುತ್ತಿದ್ದೆ, ಪುಸ್ತಕ ಓದುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು. ನೆತ್ತಿಯ ಮೇಲೆ ಕತ್ತಿ ತೂಗುತ್ತಿರುವಾಗ ಹೊಟ್ಟೆಭಟ್ಟರನ್ನು ಕಟ್ಟಿಕೊಂಡು ನನಗೇನು? ‘ಹೇಗಿತ್ತು?’ ಎಂದು ಕೇಳಿದಾಗ ‘ಚೆನ್ನಾಗಿತ್ತು ಸರ್’ ಎನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ದಿನದಲ್ಲಿ ಆ ಮುಖ ಅರಳುತ್ತಿದ್ದದ್ದು ಅದೊಂದೇ ಸಲ, ಅದಕ್ಕೇ ಸುಳ್ಳು ನಾಲಿಗೆಗೆ ರೂಢಿಯಾಯಿತು. ಯುದ್ಧದ ಕಾಲದಲ್ಲಿ ಆಡಿದ ಹೆಂಗಸರ ಪುಸ್ತಕವನ್ನು ನಮ್ಮ ಅತ್ತೆಗೆ ಓದಿ ಹೇಳಿ ಎಂದು ಕೂಡ ಹೇಳಿದ್ದರು. ಅತ್ತೆ ಆಗ ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ ಎಂಬ ಸಂಶೋಧನೆಯಲ್ಲಿದ್ದರು.

ಅಕ್ಟೋಬರಿನಲ್ಲಿ ಅವರಿಗೆ ದೇಶದ ಉತ್ತರದ ಕೊನೆಯ ಊರು ಲುಲೆಯೊದ ಕಂಪನಿಯಿಂದ ಒಂದು ಸಂದರ್ಶನ ಬಂತು. ವೀಡಿಯೋದಲ್ಲಿ. ಲೈಬ್ರರಿಯ ಚಿಕ್ಕ ಕೋಣೆಯನ್ನು ಒಂದು ಗಂಟೆಗೆ ಹಿಡಿದು, ನನ್ನ ಲ್ಯಾಪ್‌ಟಾಪಿನಲ್ಲಿ ಕೂತರು. ಗಾಜಿನ ಆಚೆ ನಾನು ಕಾವಲು. ಇಪ್ಪತ್ತು ನಿಮಿಷ ತಲೆ ತಗ್ಗಿಸಿ ಒಂದೊಂದು ಮಾತಾಡಿದವರು ಇದ್ದಕ್ಕಿದ್ದಂತೆ ಎದ್ದು ನಿಂತು ಎರಡೂ ಕೈ ಎತ್ತಿ ಇಲ್ಲದ ದಾಂಡನ್ನು ಬೀಸಿದರು. ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಉಳಿದ ಅರ್ಧ ಗಂಟೆ ಇವರು ಮೀಸೆ ಶೆಟ್ಟರ ಕಥೆ ಹೇಳಿದ್ದಾರೆ. ಹೊರಗೆ ಬಂದಾಗ ಹಣೆಯ ಮೇಲೆ ಬೆವರು. ‘ತುಂಬಾ ಖುಷಿಪಟ್ರು. ನಗಾಡಿದ್ರು. ಆಗ್ತದೆ ಅನ್ನಿಸ್ತದೆ.’ ನಾಲ್ಕು ದಿನಕ್ಕೆ ಮೇಲ್ ಬಂತು. ಬೇರೆಯವರನ್ನು ಆರಿಸಿದ್ದೇವೆ, ಪುಸ್ತಕಗಳ ಪಟ್ಟಿಗೆ ಧನ್ಯವಾದ ಎಂದಿತ್ತು. ಅದನ್ನು ನನಗೆ ಓದಿ ಹೇಳಿ, ‘ಪಟ್ಟಿ ಕೇಳಿದ್ರಲ್ಲ, ಒಳ್ಳೆಯವರೇ’ ಎಂದರು. ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು.

ಅಷ್ಟು ಕಣ್ಣಿಗೊತ್ತಿಕೊಂಡು ಓದಲು ಈ ಆಟದಲ್ಲಿ ಏನಿದೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ಸುತ್ತ ನೋಡಿ, ಗುಟ್ಟು ಹೇಳುವವರಂತೆ ಮುಂದೆ ಬಗ್ಗಿದರು.

‘ಈ ಆಟಕ್ಕೆ ಗಡಿಯಾರ ಇಲ್ಲ. ಫುಟ್‌ಬಾಲಿಗೆ ತೊಂಬತ್ತು ನಿಮಿಷ ಅಂತ ಉಂಟು. ನಮಗೆ ತೊಂಬತ್ತು ದಿನ ಅಂತ ಉಂಟು. ಇದಕ್ಕೆ ಇಲ್ಲ. ಕೊನೆಯವ ಔಟ್ ಆಗುವವರೆಗೆ ಎಷ್ಟು ಹೊತ್ತಾದ್ರೂ ಆಡ್ಬಹುದು. ಸಮಯ ಆಯ್ತು, ಹೋಗಿ ಅಂತ ಯಾರೂ ಹೇಳುದಿಲ್ಲ.’

ಇದಾದ ಮರುವಾರವೇ ಇರಬೇಕು, ಪುಸ್ತಕ ಜೋಡಿಸಲು ಬಂದ ಲೈಬ್ರರಿಯ ಹುಡುಗಿಯೊಬ್ಬಳಿಗೆ ಇವರು ಅದೇ ಮಾತನ್ನು ಉತ್ಸಾಹದಿಂದ ಹೇಳಲು ಹೋದರು. ಅವಳು ಇವರನ್ನು ನಗುತ್ತ ತಿದ್ದಿದಳು. ಈಗ ಅಲ್ಲೂ ಗಡಿಯಾರ ಬಂದಿದೆ, ಚೆಂಡು ಎಸೆಯುವವನು ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು, ಹೊಸ ನಿಯಮ, ನನ್ನ ಗೆಳೆಯ ನೋಡುತ್ತಾನೆ ಎಂದಳು. ಇವರು ‘ಹಾಗಾ’ ಎಂದರು. ಜಾಕೆಟ್ ಹಾಕಿಕೊಳ್ಳದೆ ಹೊರಗೆ ಹೋದರು. ನವೆಂಬರಿನ ಮೂರು ಗಂಟೆಯ ಕತ್ತಲು. ಕಿಟಕಿಯಿಂದ ನೋಡಿದರೆ ಸೈಕಲ್ ಸ್ಟ್ಯಾಂಡಿನ ಪಕ್ಕ ಕೈಕಟ್ಟಿ ನಿಂತಿದ್ದರು. ಕಾಲು ಗಂಟೆಯ ಮೇಲೆ ಬಂದು ಕೂತು, ‘ಅಲ್ಲೂ ಇಟ್ರಂತೆ ಮಾರಾಯ್ರೆ’ ಎಂದರು. ಅವತ್ತು ಮೊಸರನ್ನದ ಡಬ್ಬಿ ತೆರೆಯಲಿಲ್ಲ.

ಇನ್ನೊಂದು ದಿನವನ್ನು ಹೇಳಬೇಕು. ನಾವು ಕೂತಿರುವಾಗ ಬಾಗಿಲಲ್ಲಿ ಮಕ್ಕಳ ಗಲಾಟೆ ಕೇಳಿತು. ಶಾಲೆಯವರು ಒಂದು ಕ್ಲಾಸನ್ನು ಪುಸ್ತಕ ಆರಿಸಲು ಕರೆತಂದಿದ್ದರು. ಅವರು ತಲೆ ಎತ್ತಿ ನೋಡಿದವರೇ ಬಿಳಿಚಿಹೋದರು. ‘ಮಗಳು’ ಎಂದರು. ಹೊರಗೆ ಹೋಗಲು ಬೇರೆ ಬಾಗಿಲಿಲ್ಲ. ಕಪಾಟಿಗೂ ಗೋಡೆಗೂ ನಡುವಿನ ಸಂದಿಗೆ ಸರಿದು, ದಪ್ಪ ಪುಸ್ತಕ ಮುಖಕ್ಕೆ ಹಿಡಿದು ನಿಂತರು. ನಾನು ಅವರ ಮುಂದೆ ಕೋಟು ಅಗಲ ಮಾಡಿಕೊಂಡು ನಿಂತೆ. ಮುಕ್ಕಾಲು ಗಂಟೆ. ಆ ಹುಡುಗಿ ಎರಡು ಸಾಲು ಆಚೆ ಗೆಳತಿಯರ ಜೊತೆ ಸ್ವೀಡಿಷಿನಲ್ಲಿ ಏನೋ ಹೇಳಿ ಬಿದ್ದು ಬಿದ್ದು ನಗುತ್ತಿದ್ದಳು. ನನ್ನ ಬೆನ್ನ ಹಿಂದೆ ಆ ಮನುಷ್ಯನ ಉಸಿರು ಕೇಳುತ್ತಿತ್ತು. ಮಕ್ಕಳು ಹೋದ ಮೇಲೂ ಅವರು ಸಂದಿಯಿಂದ ಬರಲಿಲ್ಲ.

‘ನಗುದು ಕೇಳಿದ್ರಾ?’ ಎಂದರು. ‘ಊರಿಗೆ ಕರ್ಕೊಂಡು ಹೋದ್ರೆ ಅಲ್ಲಿ ಯಾರ ಹತ್ರ ಹೀಗೆ ನಗ್ತಾಳೆ? ಮಾತಾಡ್ತಾಳೆ, ಆದ್ರೆ ಅ ಆ ಇ ಈ ಬರುದಿಲ್ಲ ಅವಳಿಗೆ. ನಾನೇ ಕಲಿಸ್ಲಿಲ್ಲ. ಇಲ್ಲೇ ಇರ್ತೇವಲ್ಲ ಅಂದ್ಕೊಂಡೆ.’ ಆಮೇಲೆ ಪುಸ್ತಕದ ಮೇಲೆ ಹಣೆಯಿಟ್ಟು ಅತ್ತರು. ನನ್ನ ಮಗನ ಮುಖ ಕಣ್ಣ ಮುಂದೆ ಬಂತು. ಅವರಿಗಾಗಿ ಅಳುವ ಬದಲು ನನಗಾಗಿ ಅತ್ತೆ.

ಆ ಹೊತ್ತಿಗೆ ಅವರಿಗೆ ಮೂರೂವರೆ ವಾರ ಉಳಿದಿತ್ತು, ನನಗೆ ಐದೂವರೆ.

ಮರುದಿನ ಲೈಬ್ರರಿಯಲ್ಲಿ ಅವರ ಎದುರಿಗೆ ಕೂತಿದ್ದಾಗಲೇ ಡಾಗಿಸ್‌ನಿಂದ ಫೋನ್ ಬಂತು, ಮಗನಿಗೆ ಜ್ವರ. ಐದು ದಿನ ಮನೆಯಲ್ಲೇ ಉಳಿದೆ. ಅತ್ತೆಗೆ ‘ರಜಾ ಹಾಕಿದೀನಿ’ ಎಂದೆ. ಗುರುವಾರ ಔಷಧಿ ತರಲು ಹೋಗಿ ಬಂದಾಗ ಅತ್ತೆ ಒಂದು ಪುಸ್ತಕ ಎತ್ತಿ ತೋರಿಸಿದರು.

‘ನಿಮ್ಮ ಆಫೀಸಿನೋರಂತಮ್ಮ, ಕನ್ನಡಕದೋರು. ಬಾಗಿಲಲ್ಲೇ ಕೊಟ್ಟು ಹೋದ್ರು. ಕಾಫಿ ಕುಡ್ಕೊಂಡು ಹೋಗಿ ಅಂದ್ರೂ ಒಳಗೆ ಬರ್ಲಿಲ್ಲ. ತಪ್ಪದೆ ನೋಡ್ಲಿಕ್ಕೆ ಹೇಳಿ ಅಂದ್ರು, ಎರಡು ಸಲ.’

ಮನೆಯ ಗುರುತನ್ನು ಹಿಂದೊಮ್ಮೆ ಮಾತಿಗೆ ನಾನೇ ಹೇಳಿದ್ದೆ. ತೋಳು ಮುರಿದು ಆಟ ಬಿಟ್ಟ ಒಬ್ಬ ಎಸೆತಗಾರನ ಕಥೆ. ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡಿದ್ದೆ. ಇದೊಂದು ಕೇಡು ಎಂದು ಬೈದುಕೊಂಡು ಮಂಚದ ತಲೆದೆಸೆಯಲ್ಲಿ ಎಸೆದೆ. ತೆರೆಯಲಿಲ್ಲ.

ಶುಕ್ರವಾರ ಮಗ ನಿದ್ದೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಒಂದು ಜಾಹೀರಾತು ಕಂಡೆ. ಸ್ಟಾಕ್‌ಹೋಮಿನಲ್ಲೇ, ಟೆಸ್ಟಿಂಗ್ ಕೆಲಸ, ಒಂದೇ ಹುದ್ದೆ. ಕೇಳಿದ್ದ ಅನುಭವ ನನಗಿಂತ ಅವರಿಗೆ ಹೆಚ್ಚು ಹೊಂದುತ್ತಿತ್ತು. ಒಂದೊಂದು ಸಾಲೂ ಅವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ನಾನು ಅರ್ಜಿ ಹಾಕಿದೆ. ಅವರಿಗೆ ತಿಳಿಸಲು ನಂಬರ್ ಇಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಮಂಗಳವಾರ ಲೈಬ್ರರಿಗೆ ಹೋದಾಗ ಅರ್ಜಿಗೆ ಇನ್ನೂ ಎರಡು ದಿನ ಇತ್ತು. ಅವರು ಎದುರಿಗೇ ಕೂತಿದ್ದರು, ಮೊಸರನ್ನವನ್ನು ಎಂದಿನಂತೆ ಅರ್ಧ ಮಾಡುತ್ತಿದ್ದರು.

‘ಪುಸ್ತಕ ಸಿಕ್ತಾ? ನೋಡಿದ್ರಾ?’ ಎಂದು ಕೇಳಿದರು.

‘ನೋಡಿದೆ ಸರ್.’

‘ನೋಡಿದ್ರಲ್ಲ, ಸರಿ ಹಾಗಾದ್ರೆ. ಇನ್ನು ನಿಮ್ಮಿಷ್ಟ.’

ಜಾಹೀರಾತಿನ ಮಾತು ನನ್ನ ಬಾಯಿಂದ ಬರಲಿಲ್ಲ. ಅವರ ಮೊಸರನ್ನ ತಿಂದೆ, ಮಿಡಿ ಉಪ್ಪಿನಕಾಯಿ ತಿಂದೆ, ಬಾಯಿ ಒರೆಸಿಕೊಂಡೆ. ಇದಕ್ಕೆ ಯಾವ ಸಬೂಬನ್ನೂ ಹೇಳುವುದಿಲ್ಲ. ಅವರ ಮಗಳ ನಗು ಕೇಳಿದ್ದೆ, ಅವರ ಅಳು ಕೇಳಿದ್ದೆ, ಎಲ್ಲ ಗೊತ್ತಿದ್ದೇ ಸುಮ್ಮನಿದ್ದೆ. ಎರಡು ವಾರದಲ್ಲಿ ಕೆಲಸ ನನಗೆ ಸಿಕ್ಕಿತು.

ಹೇಳಲು ಹೋದ ದಿನ ಅವರಿಗೆ ಒಂಬತ್ತು ದಿನ ಉಳಿದಿತ್ತು. ಕಂಪನಿಯ ಹೆಸರು ಹೇಳಿ ತಲೆ ತಗ್ಗಿಸಿ ನಿಂತೆ. ಏನಾದರೂ ಕೇಳುತ್ತಾರೆ, ಯಾವಾಗ ಹಾಕಿದ್ರಿ, ನನಗೆ ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ಎದ್ದು ಬಂದು ನನ್ನ ಕೈ ಹಿಡಿದು ಕುಲುಕಿದರು. ಕೈ ತಣ್ಣಗಿತ್ತು.

‘ಪುಸ್ತಕ ಕೆಲ್ಸಕ್ಕೆ ಬಂತಲ್ಲ! ಸಾಕು. ಅಷ್ಟೇ ಬೇಕಾದ್ದು.’

ಆ ತೋಳು ಮುರಿದ ಎಸೆತಗಾರನ ಕಥೆಯಿಂದ ನನಗೆ ಧೈರ್ಯ ಬಂತೆಂದು ತಿಳಿದಿದ್ದಾರೆ ಎಂದುಕೊಂಡೆ. ‘ಹೌದು ಸರ್, ತುಂಬಾ ಉಪಯೋಗ ಆಯ್ತು’ ಎಂದೆ. ಅವರ ಮುಖ ಆಗ ಅರಳಿದ ಹಾಗೆ ಹಿಂದೆ ಎಂದೂ ಅರಳಿರಲಿಲ್ಲ. ಪುಸ್ತಕವನ್ನು ಅವತ್ತೇ ಯಂತ್ರಕ್ಕೆ ಕೊಟ್ಟು ಮನೆಗೆ ಬಂದೆ.

ಅವರಿಗೆ ಎಲ್ಲೂ ಆಗಲಿಲ್ಲ. ಕೊನೆಯ ವಾರ ಹೆಂಡತಿಗೆ ಹೇಳಿದರಂತೆ. ‘ನಂಗೆ ಎರಡನೇ ವಾರವೇ ಗೊತ್ತಾಯ್ತು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕುದೇ ಬಿಟ್ಟಿದ್ರಿ. ನೀವೇ ಹೇಳ್ತೀರಿ ಅಂತ ಕಾದೆ’ ಎಂದರಂತೆ ಆ ತಾಯಿ, ದಿನಾ ಬೆಳಿಗ್ಗೆ ಆ ಪುಸ್ತಕದ ಭಾರವನ್ನು ಎತ್ತಿ ಕೈಗೆ ಕೊಡುತ್ತಿದ್ದವರು. ಇದನ್ನು ನನಗೆ ಹೇಳಿದ್ದು ರೈಲು ನಿಲ್ದಾಣದಲ್ಲಿ. ನನ್ನ ಆಫೀಸಿನ ದಾರಿ ಅದೇ, ಅವರು ಯಾವುದೋ ಕಾಗದದ ಕೆಲಸಕ್ಕೆ ಹೊರಟಿದ್ದರು. ಬ್ಯಾಗು ಹೆಗಲ ಮೇಲೆ ಹಗುರವಾಗಿ ಅಲ್ಲಾಡುತ್ತಿತ್ತು. ಅವತ್ತು ಮೊದಲ ಸಲ ನನ್ನ ನಂಬರ್ ಬರೆದುಕೊಂಡು, ಪುಸ್ತಕಗಳನ್ನು ಬಿಡಬೇಡಿ, ಹದಿನಾಲ್ಕೂ ಮುಗಿಸಿ ಎಂದರು. ಅವರ ರೈಲು ಮೊದಲು ಬಂತು.

ಕಳೆದ ತಿಂಗಳು ಅವರ ಮಗಳ ಸಂದೇಶ ಬಂದ ಮೇಲೆ ನಾನು ಎರಡು ವರ್ಷದಲ್ಲಿ ಮೊದಲ ಸಲ ಆ ಮೂಲೆಗೆ ಹೋದೆ. ಪುಸ್ತಕಗಳ ಹೆಸರನ್ನಾದರೂ ಬರೆದುಕೊಂಡು ಹುಡುಗಿಗೆ ಕಳಿಸೋಣ ಎಂದು. ಹಲಗೆಯ ಮೇಲೆ ಯೋಗದ ಪುಸ್ತಕಗಳಿದ್ದವು. ವಿಚಾರಿಸಿದರೆ, ಯಾರೂ ಒಯ್ಯದ ಪುಸ್ತಕಗಳನ್ನು ತೆಗೆದುಹಾಕುವುದು ಇಲ್ಲಿನ ಪದ್ಧತಿ, ಬಾಗಿಲ ಬಳಿಯ ತಳ್ಳುಗಾಡಿಯಲ್ಲಿ ಮಾರಲು ಇಟ್ಟಿದ್ದೇವೆ ಎಂದರು. ಹದಿಮೂರು ಸಿಕ್ಕವು. ದಪ್ಪ ಚರಿತ್ರೆ ಇರಲಿಲ್ಲ, ಅದನ್ನು ಯಾರೋ ಕೊಂಡಿದ್ದರು, ತೂಕಕ್ಕೇ ಇರಬೇಕು. ತೋಳು ಮುರಿದ ಎಸೆತಗಾರ ಎಲ್ಲಕ್ಕಿಂತ ಕೆಳಗಿದ್ದ. ನಾನು ವಾಪಸು ಕೊಟ್ಟ ಮೇಲೆ ಅದನ್ನು ಒಬ್ಬರೂ ತೆರೆದಿರಲಿಲ್ಲ. ನಾನು ಮೊದಲ ಸಲ ತೆರೆದೆ. ಒಳಗೆ ಚೀಟಿ ಇತ್ತು. ಮುಂಬದಿಯಲ್ಲಿ ನನ್ನ ಕಾರ್ಡಿನ ನಂಬರು, ವಾಪಸಿನ ದಿನಾಂಕ. ಹಿಂಬದಿಯಲ್ಲಿ ದುಂಡನೆಯ ಅಕ್ಷರ. ಮೊದಲು ಆ ಕಂಪನಿಯ ಹೆಸರು. ಈಗ ನಾನು ಕೆಲಸ ಮಾಡುತ್ತಿರುವ ಕಂಪನಿ. ಕೆಳಗೆ:

‘ಟೆಸ್ಟಿಂಗ್ ಕೆಲಸ. ಮುಂದಿನ ಗುರುವಾರ ಕೊನೆಯ ದಿನ. ನಾನು ಇವತ್ತು ಹಾಕಿದೆ. ಒಂದೇ ಹುದ್ದೆ, ಆದರೂ ನೀವೂ ಹಾಕಿ, ಮಾತು ಮಾತೇ. ಇಬ್ಬರಲ್ಲಿ ಒಬ್ಬರು ಉಳಿದರೆ ಸಾಕು. ಪುಟ್ಟನಿಗೆ ಜ್ವರ ಬಿಟ್ಟಿತೆ?’

ಬಾಗಿಲು ತೆರೆದು ಮುಚ್ಚಿ ಜನ ಓಡಾಡುತ್ತಿದ್ದರು. ನಾನು ತಳ್ಳುಗಾಡಿ ಹಿಡಿದುಕೊಂಡು ನಿಂತೆ. ‘ಪುಸ್ತಕ ಕೆಲ್ಸಕ್ಕೆ ಬಂತಲ್ಲ’ ಎಂದು ಕೈ ಕುಲುಕಿದ ಮನುಷ್ಯ ತನ್ನ ಚೀಟಿಯಿಂದ ನಾನು ಉಳಿದೆ ಎಂದು ತಿಳಿದೇ ಹೋದರು. ಹಾಗೆ ತಿಳಿದೇ ಸತ್ತರು. ನನ್ನದು ನಾಚಿಕೆಗೇಡಿನ ಬದುಕು ಎಂದು ಅವತ್ತು ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಹದಿಮೂರನ್ನೂ ಕೊಂಡು ಮನೆಗೆ ತಂದೆ. ಎಲ್ಲವನ್ನೂ ಕಳಿಸುತ್ತೇನೆ ಎಂದು ಹುಡುಗಿಗೆ ಬರೆದು, ಪುಸ್ತಕದ ಮೇಲೆ ಚೀಟಿಯಿಟ್ಟು ಫೋಟೋ ತೆಗೆದು ಕಳಿಸಿದೆ. ನಿಜ ಹೇಳಿಬಿಡಬೇಕೆಂದೇ ಕಳಿಸಿದ್ದು. ಕೂಡಲೇ ಉತ್ತರ ಬಂತು. ಪಪ್ಪನ ಅಕ್ಷರ ಅಂತ ಗೊತ್ತಾಯಿತು, ಏನು ಬರೆದಿದ್ದಾರೆ ಆಂಟಿ, ನನಗೆ ಓದಲು ಬರುವುದಿಲ್ಲ, ಅಮ್ಮ ಮಲಗಿದ್ದಾಳೆ, ಏಳಿಸುವುದಿಲ್ಲ ಎಂದಿತ್ತು.

ಚೀಟಿಯನ್ನು ಇನ್ನೊಮ್ಮೆ ಓದಿದೆ. ಆಮೇಲೆ ಇಂಗ್ಲಿಷಿನಲ್ಲಿ ಬರೆದೆ: ‘ಈ ಪುಸ್ತಕವನ್ನು ಮೊದಲು ಓದಿ ಅಂತ ಬರೆದಿದ್ದಾರೆ.’

ಅವಳು ಒಂದು ಕೆಂಪು ಹೃದಯ ಕಳಿಸಿದಳು. ಹಾಗಾದರೆ ಅದರಿಂದಲೇ ಶುರು ಮಾಡುತ್ತೇನೆ ಎಂದಳು. ಅಮ್ಮನಿಗೆ ತೋರಿಸುವುದಿಲ್ಲವಂತೆ, ಪಪ್ಪನ ಅಕ್ಷರ ನೋಡಿದರೆ ಅಳುತ್ತಾಳಂತೆ. ಈ ವರ್ಷ ಸೇರಿದ ಊರಿನ ಶಾಲೆಯಲ್ಲಿ ಕನ್ನಡ ಕಡ್ಡಾಯ, ಚಿಕ್ಕ ಮಕ್ಕಳ ಪುಸ್ತಕ ಹಿಡಿದುಕೊಂಡು ಕಲಿಯುತ್ತಿದ್ದೇನೆ, ಈಗ ಕಾಗುಣಿತ ಮುಗಿಯಿತು, ಇನ್ನು ಒತ್ತಕ್ಷರ ಎಂದಳು. ಚೀಟಿಯ ಫೋಟೋವನ್ನು ಇಟ್ಟುಕೊಂಡಿದ್ದೇನೆ, ಒತ್ತಕ್ಷರ ಬಂದ ಮೇಲೆ ನಾನೇ ಓದಿಕೊಳ್ಳುತ್ತೇನೆ ಎಂದಳು.